ತೆಗೆದಿಡು, ತೆಗೆದುಬಿಡು

ಗುಲಬರ್ಗಾ ಎಂಬ ಬೋರ್ಡುಗಳನ್ನು ಇಳಿಸಿ ಕಲಬುರಗಿ ಎಂದು ಬರೆಸುತ್ತಿದ್ದ ವರ್ಷ ಅದು. ಸೈನ್ಯದ ವೈರ್‌ಲೆಸ್ ವಿಭಾಗದಿಂದ ನಿವೃತ್ತನಾಗಿ ಬಂದ ನಾನು ಸೂಪರ್ ಮಾರ್ಕೆಟ್ ಹಿಂದಿನ ಒಂದು ಓಣಿಯಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿ ನಡೆಸುತ್ತಿದ್ದೆ. ಹೆಸರಿಗೆ ರಿಪೇರಿ. ಬಹುಪಾಲು ಬರುತ್ತಿದ್ದದ್ದು ಡೇಟಾ ರಿಕವರಿ ಕೆಲಸ. ಅಂದರೆ ಹಾರ್ಡ್ ಡಿಸ್ಕ್, ಪೆನ್‌ಡ್ರೈವ್, ಕ್ಯಾಮೆರಾದ ಮೆಮೊರಿ ಕಾರ್ಡ್‌ಗಳಲ್ಲಿ ಅಳಿದುಹೋದದ್ದನ್ನು ಹುಡುಕಿ ಮರಳಿ ಕೊಡುವುದು.

ವೈರ್‌ಲೆಸ್ಸಿನಲ್ಲಿ ನಮಗೆ ಮೊದಲು ಕಲಿಸುವ ಪಾಠ, ಕೇಳಿದ ಸಂದೇಶವನ್ನು ತಿರುಗಿ ಹೇಳುವುದು. ಆ ಕಡೆಯವನು ಸರಿ ಎಂದ ಮೇಲೆಯೇ ಕೆಲಸಕ್ಕೆ ಕೈ ಹಚ್ಚಬೇಕು. ಈ ರೂಢಿ ಅಂಗಡಿಯಲ್ಲೂ ನನ್ನನ್ನು ಬಿಟ್ಟಿರಲಿಲ್ಲ. ಗಿರಾಕಿ ಹೇಳಿದ್ದನ್ನು ಒಮ್ಮೆ ಅವನಿಗೇ ಒಪ್ಪಿಸಿ ಹೂಂ ಅನ್ನಿಸಿಕೊಳ್ಳುತ್ತಿದ್ದೆ. ಎದುರಿನ ಚಹಾದಂಗಡಿಯ ಖಾಜಾಸಾಬ್ ಇದನ್ನೇ ಹಿಡಿದು ನಗುತ್ತಿದ್ದ: "ಫೌಜಿ ಸಾಬ್‌ಗ ಛಾ ಕೊಡೋದು ಭಾಳ ಕಠಿಣ ನೋಡ್ರಿ. ಸಕ್ರಿ ಕಮ್ಮಿ ಅಂದ್ರ, ಸಕ್ರಿ ಕಮ್ಮಿ ಅಂತ ನಾನೂ ಸಲಾಂ ಹೊಡದು ಹೇಳ್ಬೇಕು. ಇಲ್ಲಾಂದ್ರ ಕುಡಿಯಂಗಿಲ್ಲ!"

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಕಮಲಾಪುರದಿಂದ ತಂದೆ ಮತ್ತು ಮಗಳು ಬಂದರು. ತಂದೆ ಮಲ್ಲಿಕಾರ್ಜುನ, ಕಮಲಾಪುರ ಬಸ್ ಸ್ಟ್ಯಾಂಡ್ ಹತ್ತಿರ ಕಿರಾಣಿ ಅಂಗಡಿಯವರು. ಮಗಳು ಸವಿತಾ, ಕಲಬುರಗಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದವಳು. ಒಂದೇ ಬಸ್ಸಿನಲ್ಲಿ ಬಂದಿದ್ದರೂ ಹುಡುಗಿ ತಂದೆಯ ಪಕ್ಕದ ಕುರ್ಚಿ ಬಿಟ್ಟು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕುಳಿತಳು. ಚೀಲದಿಂದ ಸಣ್ಣ ಡಿಜಿಟಲ್ ಕ್ಯಾಮೆರಾ ತೆಗೆದು ಮೇಜಿನ ಮೇಲೆ ಇಟ್ಟವಳು ಅವಳೇ.

"ಸರ್, ಇದರಾಗ ನಮ್ಮವ್ವನ ಫೋಟೋ ಇದ್ವು. ಅಪ್ಪ ಡಿಲೀಟ್ ಮಾಡ್ಯಾರ. ವಾಪಸ್ ಬರ್ತಾವೇನ್ರಿ?"

ತಂದೆ ತಲೆ ಎತ್ತಲಿಲ್ಲ. ವಾರಗಟ್ಟಲೆ ಬೋಳಿಸದ ಗಡ್ಡ ಅವರ ಮುಖ ತುಂಬಿತ್ತು.

ನಡೆದದ್ದು ಇಷ್ಟು. ಸವಿತಾಳ ತಾಯಿ ಜಗದೇವಿ ಆ ವರ್ಷವೇ ಹಟ ಹಿಡಿದು ಕ್ಯಾಮೆರಾ ಕೊಳ್ಳಿಸಿದ್ದರು. ಮನೆಯಲ್ಲಿ ಮಗಳ ಓದಿಗೆಂದು ತಂದ ಕಂಪ್ಯೂಟರ್ ಇತ್ತು. ಆದರೆ ಕ್ಯಾಮೆರಾದ ಜೊತೆ ಬಂದ ಕೇಬಲ್ಲನ್ನು ಯಾರೂ ಬಿಚ್ಚಿರಲಿಲ್ಲ. ತೆಗೆದ ಚಿತ್ರಗಳೆಲ್ಲ ಕಾರ್ಡಿನಲ್ಲೇ ಕೂಡುತ್ತ ಹೋದವು. ಒಂದು ದಿನ ಕಾರ್ಡು ತುಂಬಿತೆಂದು ಕ್ಯಾಮೆರಾ ಹೇಳಿತು. ಅದೇ ವಾರ ಜಗದೇವಿಯವರಿಗೆ ಡೆಂಗ್ಯೂ ಜ್ವರ ಬಂದು ಕಲಬುರಗಿಯ ಆಸ್ಪತ್ರೆಗೆ ಸೇರಿಸಿದರು. ಮಗಳು ಜೊತೆಗಿದ್ದಳು. ಗಂಡ ಅಂಗಡಿ ನೋಡಿಕೊಂಡು ಓಡಾಡುತ್ತಿದ್ದರು. ಆಸ್ಪತ್ರೆಯಿಂದ ಬಿಟ್ಟ ಕೂಡಲೇ ಬಸುರಿ ತಂಗಿಯ ಕುಬಸಕ್ಕೆ ಹೋಗಬೇಕು, ಅಲ್ಲಿ ಫೋಟೋ ಹೊಡೆಯಬೇಕು ಎಂಬುದು ಆಕೆಯ ಲೆಕ್ಕ. ಹಾಸಿಗೆಯಲ್ಲಿ ಮಲಗಿಕೊಂಡೇ ಗಂಡನಿಗೆ ಫೋನ್ ಮಾಡಿ, ಕ್ಯಾಮೆರಾದೊಳಗಿನ ಫೋಟೋಗಳನ್ನು ತೆಗೆಯಲು ಹೇಳಿದರು. ಆಕೆ ಮನೆಗೆ ಮರಳಲಿಲ್ಲ.

"ಅವ್ವ ಅಂದದ್ದು ತಗದಿಡ್ರಿ ಅಂತ," ಎಂದಳು ಸವಿತಾ. "ನಾ ಬಾಜೂಕೇ ಕುಂತಿದ್ದೆ."

"ನನಗ ತಗದ್ಬಿಡ್ರಿ ಅಂತ ಕೇಳ್ತ್ರೀ ಸಾಹೇಬ್ರ," ಎಂದರು ತಂದೆ. "ಫೋನ್ ಕಡದು ಕಡದು ಬರ್ಲಾಕತ್ತಿತ್ತು. ಮಂದಿ ಬ್ಯಾರೆ ಅಂಗಡ್ಯಾಗ. ಹೂಂ ಅಂದೆ, ಇಟ್ಟೆ. ಕ್ಯಾಮೆರಾದಾಗ ಒತ್ತಿ ನೋಡಿದ್ರ ಎಲ್ಲಾ ಡಿಲೀಟ್ ಅಂತ ಬಂತು. ಇದೇ ಇರ್ಬೇಕಂತ ಒತ್ತಿದೆ."

"ಯಾರರೆ ತಮ್ಮ ಹೆಂಡ್ತಿ ಫೋಟೋ ಹಂಗ ಒತ್ತಿ ಒಗೀತಾರೇನ್ರಿ ಸರ್? ಒಂದು ಮಾತು ತಿರುಗಿ ಕೇಳ್ಬಾರ್ದ?" ಅವಳು ಕೇಳಿದ್ದು ನನ್ನನ್ನು. ತಂದೆಯ ಕಡೆ ನೋಡಲಿಲ್ಲ.

ನಮ್ಮ ಕನ್ನಡದಲ್ಲಿ 'ತೆಗೆ' ಎಂಬ ಮಾತು ಎಷ್ಟು ಕೆಲಸ ಮಾಡುತ್ತದೆಂದು ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಬಾಗಿಲು ತೆಗೆಯುತ್ತೇವೆ, ಕಸ ತೆಗೆಯುತ್ತೇವೆ, ಫೋಟೋ ತೆಗೆಯುತ್ತೇವೆ. ಅದೇ ಫೋಟೋವನ್ನು ಗೋಡೆಯಿಂದಲೂ ತೆಗೆಯುತ್ತೇವೆ. ತೆಗೆದಿಟ್ಟರೆ ಉಳಿಯಿತು, ತೆಗೆದುಬಿಟ್ಟರೆ ಹೋಯಿತು. ಕೆಟ್ಟ ಲೈನಿನಲ್ಲಿ ಇವೆರಡರ ನಡುವೆ ಇರುವುದು ತುಟಿ ಕೂಡಿಸುವ ಒಂದು ಅಕ್ಷರ.

ಕಾರ್ಡು ಹೊರತೆಗೆದು ಅದರ ಅಂಚಿನ ಲಾಕ್ ಸರಿಸಿದೆ. ಲಾಕ್ ಸರಿಸಿದರೆ ಕಾರ್ಡಿನ ಮೇಲೆ ಹೊಸದೇನೂ ಬರೆಯಲಾಗದು. ಇದು ನನ್ನ ಮೊದಲ ಹೆಜ್ಜೆ, ಎಂದೂ ತಪ್ಪಿಸಿದ್ದಿಲ್ಲ. ಆಮೇಲೆ ಕಾರ್ಡಿನ ಪೂರ್ತಿ ನಕಲು ಇಳಿಸಿಕೊಂಡು, ನಕಲಿನ ಮೇಲೆ ಮಾತ್ರ ಹುಡುಕಾಟ. ಇಬ್ಬರಿಗೂ ವಿಷಯ ಬಿಡಿಸಿ ಹೇಳಿದೆ. ಡಿಲೀಟ್ ಒತ್ತಿದ ತಕ್ಷಣ ಚಿತ್ರ ಹೋಗುವುದಿಲ್ಲ. ಆ ಜಾಗ ಖಾಲಿ ಎಂದು ಕಾರ್ಡು ಗುರುತು ಹಾಕಿಕೊಳ್ಳುತ್ತದೆ, ಅಷ್ಟೆ. ಅಲ್ಲಿ ಹೊಸದು ಬಂದು ಕೂಡುವವರೆಗೆ ಹಳೆಯದು ಇದ್ದೇ ಇರುತ್ತದೆ. ಹುಡುಗಿಯ ಮುಖ ಅರಳಿತು.

"ಅಂದ್ರ ಬರ್ತಾವ?"

"ಡಿಲೀಟ್ ಆದ ಮ್ಯಾಲೆ ಈ ಕ್ಯಾಮೆರಾದಾಗ ಮತ್ತೇನಾದ್ರೂ ಹೊಡದೀರೇನು?"

ಕಂಪ್ಯೂಟರಿನ ಪರದೆಯೇ ಉತ್ತರ ಕೊಟ್ಟಿತು. ಕಾರ್ಡು ಮತ್ತೆ ತುಂಬಿತ್ತು.

ಮೊದಲ ಚಿತ್ರದಲ್ಲಿ ಜಗದೇವಿಯವರೇ ಇದ್ದರು. ಹಣೆಗೆ ದಪ್ಪ ವಿಭೂತಿ, ಕೊರಳ ತುಂಬ ಹೂವು, ಗೋಡೆಗೆ ಒರಗಿಸಿ ಕೂಡಿಸಿದ್ದರು. ಅವರ ಮನೆತನಗಳಲ್ಲಿ ತೀರಿಕೊಂಡವರನ್ನು ಹಾಗೆ ಕೂಡಿಸುತ್ತಾರೆ. ಮಣ್ಣು ಮಾಡಲು ಬಂದ ನೆಂಟರು ಒಬ್ಬೊಬ್ಬರಾಗಿ ಎರಡೂ ಪಕ್ಕ ಕುಳಿತು ಕೊನೆಯ ಫೋಟೋ ತೆಗೆಸಿಕೊಳ್ಳುತ್ತಾರೆ. ಮಲ್ಲಿಕಾರ್ಜುನರ ತಮ್ಮ ಮನೆಯಲ್ಲಿದ್ದ ಇದೇ ಕ್ಯಾಮೆರಾ ಹಿಡಿದು ಎಲ್ಲ ಫೋಟೋ ಹೊಡೆದಿದ್ದ. ಆಮೇಲೆ ಭಜನೆ, ಹೆಣ ಕೂಡಿಸಿ ಒಯ್ಯುವ ವಿಮಾನ ಕಟ್ಟಿದ್ದು, ಮೆರವಣಿಗೆ, ಹೊಲದವರೆಗಿನ ದಾರಿ, ಎಲ್ಲವನ್ನೂ ವಿಡಿಯೋ ಮಾಡಿದ್ದ. ಕಾರ್ಡು ತುಂಬಿ ಕ್ಯಾಮೆರಾ ತಾನಾಗಿ ನಿಲ್ಲುವವರೆಗೂ ಮಾಡಿದ್ದ. ಪ್ರೀತಿಯಿಂದಲೇ ಮಾಡಿದ್ದ. ಖಾಲಿ ಕಾರ್ಡು, ಎಷ್ಟು ಹಿಡಿದರೂ ಹಿಡಿಸುತ್ತದೆ ಎಂದುಕೊಂಡಿರಬೇಕು.

ಸವಿತಾ ಪರದೆಯಿಂದ ಮುಖ ತಿರುಗಿಸಿದಳು.

"ಇವು ಬ್ಯಾಡ ಸರ್. ಇವು ಅಳಿಸ್ರಿ. ಇವುಗಳ ಕೆಳಗ ಇದ್ದಾವಲ್ಲ, ಅವು ಕೊಡ್ರಿ."

ಕೆಳಗೆ ಎಂಬುದು ಅಲ್ಲಿ ಇಲ್ಲ ಎಂದು ಹೇಳಬೇಕಾಗಿ ಬಂತು. ಒಂದು ಜಾಗದಲ್ಲಿ ಒಂದೇ ಚಿತ್ರ. ಸತ್ತ ತಾಯಿಯ ಚಿತ್ರ ಬಂದು ಕುಳಿತ ಜಾಗದಲ್ಲಿ ಬದುಕಿದ್ದ ತಾಯಿಯ ಚಿತ್ರ ಉಳಿಯುವುದಿಲ್ಲ. ನಾನು ಇಷ್ಟು ನೇರವಾಗಿ ಹೇಳಲಿಲ್ಲ. ಆದರೆ ಅವಳು ಓದಿದ ಹುಡುಗಿ.

"ಹಂಗಾದ್ರ ನಮ್ಮವ್ವಂದು ಇನ್ನ ಆಧಾರ್ ಕಾರ್ಡಿನ ಫೋಟೋ ಒಂದೇ," ಎಂದಳು.

ಮಲ್ಲಿಕಾರ್ಜುನರು ಎದ್ದು ಹೊರಗೆ ಹೋಗಿ ಖಾಜಾಸಾಬ್‌ನ ಅಂಗಡಿಯ ಮುಂದೆ ನಿಂತರು. ಅವನು ಯಾವ ತಮಾಷೆಯನ್ನೂ ಮಾಡದೆ ಅವರ ಕೈಗೆ ನೀರಿನ ಗ್ಲಾಸು ಕೊಟ್ಟ.

ಎರಡು ದಿನ ಬಿಟ್ಟು ಬರಲು ಹೇಳಿ ಕಳಿಸಿದೆ. ಆ ನಕಲನ್ನು ನನಗೆ ಗೊತ್ತಿದ್ದ ಎಲ್ಲ ಬಗೆಯಲ್ಲೂ ಜಾಲಾಡಿದೆ. ಸಿಕ್ಕಿದ್ದು ಕಾರ್ಡಿನ ಕಟ್ಟಕಡೆಯ ಅಂಚಿನಲ್ಲಿ, ಮೆರವಣಿಗೆಯ ವಿಡಿಯೋ ತಲುಪದೆ ಉಳಿದ ಒಂದು ಚೂರು ಜಾಗದಲ್ಲಿ. ಅಲ್ಲಿದ್ದದ್ದು ಫೋಟೋ ಅಲ್ಲ, ಸಣ್ಣದೊಂದು ವಿಡಿಯೋ. ಜಗದೇವಿಯವರು ಕೊನೆಯದಾಗಿ ಕ್ಯಾಮೆರಾ ಹಿಡಿದಾಗ ಅದರ ತಿರುಗಣೆ ತಪ್ಪಿ ವಿಡಿಯೋ ಕಡೆ ಸರಿದಿತ್ತು. ಅವರಿಗೆ ಅದು ತಿಳಿದಿರಲಿಲ್ಲ.

ತಂದೆ, ಮಗಳು ಬಂದಾಗ ಮೊದಲೇ ಹೇಳಿದೆ: ಇದರಲ್ಲಿ ತಾಯಿಯ ಮುಖವಿಲ್ಲ. ಆಮೇಲೆ ವಿಡಿಯೋ ಹಚ್ಚಿದೆ.

ಕಿರಾಣಿ ಅಂಗಡಿಯ ಮುಂದೆ, ತೂಗುಹಾಕಿದ ಕೆಂಪು ಬಾಳೆಗೊನೆಯ ಪಕ್ಕದಲ್ಲಿ ಮಲ್ಲಿಕಾರ್ಜುನ ಮತ್ತು ಸವಿತಾ ನಿಂತಿದ್ದಾರೆ. ನಡುವೆ ಒಂದು ಮಾರು ಅಂತರ. ಕ್ಯಾಮೆರಾದ ಈಚೆಯಿಂದ ಹೆಂಗಸಿನ ದನಿ:

"ಅಷ್ಟ್ ದೂರ ಯಾಕ ನಿಂತೀರಿ, ಜಗಳಾಡಿದೋರಂಗ? ಬಾಜೂ ಸರೀರಿ. ಸವೀ, ಅಪ್ಪನ ಹತ್ರ ಹೋಗು. ರೀ, ತಕ್ಕಡಿ ಹಿಡದೋರಂಗ ಮಾರಿ ಮಾಡಬ್ಯಾಡ್ರಿ, ಒಂಚೂರು ನಗ್ರಿ. ಲಗೂನ ತಗದ್ಬಿಡ್ತೀನಿ."

"ಎಲ್ಲಾದಕ್ಕೂ ಬಿಡ್ತೀನಿ ಬಿಡ್ತೀನಿ ಅಂತೀದಿ," ಎಂದು ಪರದೆಯ ಮೇಲಿನ ಮಲ್ಲಿಕಾರ್ಜುನ ನಗುತ್ತಾರೆ. "ಉಂಡ್ಬಿಡ್ರಿ, ಮಕ್ಕೊಂಡ್ಬಿಡ್ರಿ. ಖರೇನ ಬಿಡೋದು ಒಂದೂ ಇಲ್ಲ."

"ಬಿಡಾಂಗಿಲ್ಲ, ಏನ್ ಮಾಡ್ತೀರಿ? ಹಾಂ, ತಗದೆ. ಅಯ್ಯ, ಇದೇನಿದು ಕೆಂಪು ಚುಕ್ಕಿ ಮಿಣಮಿಣ ಅನ್ಲಾಕತ್ತದ?"

ಅಲ್ಲಿಗೆ ಮುಗಿಯಿತು.

ಸವಿತಾ ಇನ್ನೊಮ್ಮೆ ಹಚ್ಚಲು ಹೇಳಿದಳು. ಮತ್ತೊಮ್ಮೆ ಹೇಳಿದಳು. ಮೂರನೆಯ ಸಲ 'ತಗದ್ಬಿಡ್ತೀನಿ' ಎಂಬ ಮಾತು ಬಂದಲ್ಲಿ ಕೈ ಎತ್ತಿ ನಿಲ್ಲಿಸಿದಳು.

"ಅವತ್ತ ಫೋನ್‌ನ್ಯಾಗ ಅವ್ವ ಏನ್ ಅಂದಿದ್ಳೋ," ಎಂದಳು. "ನಾ ತಗದಿಡ್ರಿ ಅಂದ್ಳು ಅಂತ ಇಷ್ಟ್ ದಿನ ಹೇಳ್ಲಾಕತ್ತೀನಿ. ಈಗ ನನಗೂ ಪಕ್ಕಾ ಹೇಳ್ಲಾಕ್ ಬರ್ವಲ್ದು."

ಮಲ್ಲಿಕಾರ್ಜುನರು ಅಂಗವಸ್ತ್ರದಿಂದ ಮುಖ ಮುಚ್ಚಿಕೊಂಡಿದ್ದರು. ಮಗಳು ಅವರನ್ನು ಮುಟ್ಟಲಿಲ್ಲ. ಆದರೆ ಏಳುವಾಗ, "ನಡ್ರಿ ಅಪ್ಪಾ, ಬಸ್ಸಿಗಿ ಹೊತ್ತಾಗ್ತದ," ಎಂದಳು. ಎರಡೂ ದಿನ ಸೇರಿ ನನ್ನ ಅಂಗಡಿಯಲ್ಲಿ ಅವಳು ನೇರವಾಗಿ ತಂದೆಗೆ ಆಡಿದ ಮೊದಲ ಮಾತು ಅದು.

ಆ ವಿಡಿಯೋವನ್ನು ಸಿ.ಡಿ.ಗೆ ಹಾಕಿ ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಮನಸ್ಸು ಬರಲಿಲ್ಲ. ಮುಂದಿನ ಭಾನುವಾರ ಕಮಲಾಪುರದ ಬಸ್ಸು ಹತ್ತಿದೆ. ಅವರ ಮನೆಯಲ್ಲಿ ಕ್ಯಾಮೆರಾದ ಡಬ್ಬಿ ತರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಗೆಯೇ ಉಳಿದಿದ್ದ ಕೇಬಲ್ಲನ್ನು ಮಲ್ಲಿಕಾರ್ಜುನರ ಕೈಯಿಂದಲೇ ಬಿಚ್ಚಿಸಿದೆ. ಒಂದು ತುದಿ ಕ್ಯಾಮೆರಾಕ್ಕೆ, ಇನ್ನೊಂದು ಕಂಪ್ಯೂಟರಿಗೆ. ಕ್ಯಾಮೆರಾದ ಸ್ವಿಚ್ ಹಾಕಬೇಕು. ಚಿತ್ರಗಳನ್ನು ಕಾಪಿ ಮಾಡಬೇಕು, ಕಟ್ ಅಲ್ಲ. ಕಂಪ್ಯೂಟರಿನಲ್ಲಿ ಮೊದಲಿನದೊಂದು, ಕೊನೆಯದೊಂದು ತೆರೆದು ನೋಡಬೇಕು. ಇನ್ನೊಂದು ಪ್ರತಿ ಬೇರೆ ಕಡೆ ಇಡಬೇಕು. ಇಷ್ಟೂ ಆದ ಮೇಲೆಯೇ ಕಾರ್ಡು ಖಾಲಿ ಮಾಡುವ ಮಾತು. ಅವರು ಶಾಲೆಯ ಹುಡುಗನಂತೆ ಪ್ರತಿ ಹೆಜ್ಜೆಗೂ ನನ್ನ ಮುಖ ನೋಡುತ್ತಿದ್ದರು.

ಸವಿತಾ ಪರದೆಯ ಮೇಲೆ 'ಅವ್ವ' ಎಂಬ ಫೋಲ್ಡರ್ ಮಾಡಿ, ನಾನು ತಂದಿದ್ದ ವಿಡಿಯೋವನ್ನು ಅದರಲ್ಲಿ ಹಾಕಿದಳು. ಅದೊಂದೇ. ಉಳಿದದ್ದು ಕಾರ್ಡಿನ ತುಂಬ ಇದ್ದ ಮಣ್ಣಿನ ದಿನದ ಚಿತ್ರಗಳು. ಅವನ್ನು ಏನು ಮಾಡುವುದೆಂದು ನಾನು ಕೇಳಬೇಕಾಗಿತ್ತು. ಮಲ್ಲಿಕಾರ್ಜುನರೇ ಕೇಳಿದರು.

"ಸವೀ, ಇವು ಏನ್ ಮಾಡ್ಲೆವ್ವಾ?"

ಅವಳು ತಂದೆಯ ಕುರ್ಚಿಯ ಹಿಂದೆ ಬಂದು ನಿಂತಳು.

"ಅವೂ ಅವ್ವನೇ ಅಲ್ರಿ. ತಗದಿಡ್ರಿ ಅಪ್ಪಾ."

ಅವರ ಬೆರಳು ಮೌಸಿನ ಮೇಲೆ ನಿಂತಿತು. ಒತ್ತಲಿಲ್ಲ. ಕತ್ತು ತಿರುಗಿಸಿ ಮಗಳ ಮುಖ ನೋಡಿ, ಒಂದೊಂದೇ ಅಕ್ಷರ ಬಿಡಿಸಿ ಕೇಳಿದರು:

"ತಗದು, ಇಡ್ಲೇನು? ಇಡು ಅಂದಿ, ಹೌದಿಲ್ಲ?"

"ಹೂಂ ಅಪ್ಪಾ. ಇಡು ಅಂದೆ."

ಆಮೇಲೆ ಒತ್ತಿದರು.

ಕೇಳಿದ್ದನ್ನು ತಿರುಗಿ ಹೇಳುವ ರೂಢಿಯನ್ನು ನಾನು ಹರೆಯದಲ್ಲಿ ಶಿಸ್ತೆಂದು ಕಲಿತಿದ್ದೆ. ಮೇಲಧಿಕಾರಿಯ ಭಯಕ್ಕೆ ಪಾಲಿಸಿದ್ದೆ. ಅದರ ಬೆಲೆ ತಿಳಿದದ್ದು ಕಮಲಾಪುರದ ಆ ಮನೆಯಲ್ಲಿ. ಅಂಗಡಿ ಮುಚ್ಚಿ ಈಗ ಬ್ರಹ್ಮಪುರದ ಮನೆಯಲ್ಲಿದ್ದೇನೆ. ಇಂದಿಗೂ ಯಾರಾದರೂ ಫೋನ್ ತಂದು, ಇದರಾಗಿನ ಫೋಟೋ ತಗದ್ಕೊಡ್ರಿ ಎಂದರೆ ಮೊದಲು ಕೇಳುತ್ತೇನೆ: ಇಡೋದೋ, ಬಿಡೋದೋ? ಮುದುಕನಿಗೆ ಕಿವಿ ಮಂದ ಎಂದು ಅವರು ನಗುತ್ತಾರೆ. ನಗಲಿ. ಅವರ ಬಾಯಿಂದ ಉತ್ತರ ಬರುವವರೆಗೆ ನಾನು ಯಾವ ಗುಂಡಿಯನ್ನೂ ಒತ್ತುವುದಿಲ್ಲ.