ಎದೆಗೆ ಎಳೆಯುವ ದಿವಾಕರ್ ಸರ್

ದಿವಾಕರ್ ಸರ್ ವೇಪ್ ಎಳೆಯುವಾಗ ಅವರ ಶರ್ಟಿನ ಮೂರನೆಯ ಗುಂಡಿ ಕಿತ್ತು ಬರುವಷ್ಟು ಬಿಗಿಯಾಗುತ್ತಿತ್ತು. ಸಿಗರೇಟು ಸೇದುವವರು ಮೊದಲು ಬಾಯಲ್ಲಿ ಹೊಗೆ ತುಂಬಿಕೊಂಡು ಆಮೇಲೆ ಒಳಗೆ ಬಿಡುತ್ತಾರೆ. ಬ್ಯಾಟರಿ ಸಿಗರೇಟಿನ ಇವರು ಹಾಗಲ್ಲ. ನೀರಿಗೆ ಧುಮುಕುವವರ ಹಾಗೆ ಒಂದೇ ಉಸಿರಿಗೆ ನೇರ ಎದೆಗೇ ಎಳೆದುಕೊಂಡು, ಕಣ್ಣು ಮುಚ್ಚಿ, ಸ್ವಲ್ಪ ತಡೆದು ಬಿಡುತ್ತಿದ್ದರು. ಬಿಟ್ಟ ಮೇಲೆ ಒಂದು ಕ್ಷಣ ಅವರ ಮುಖ ಕಾಣಿಸುತ್ತಿರಲಿಲ್ಲ. ಮಾವಿನಹಣ್ಣಿನ ವಾಸನೆ ಮಾತ್ರ ಇರುತ್ತಿತ್ತು.

ಮುಂಬೈಯ ವಿಕ್ರೋಳಿಯ ನಮ್ಮ ಕಂಪನಿಯಲ್ಲಿ, ನಾಲ್ಕನೇ ಮಹಡಿಯ ಕ್ವಾಲಿಟಿ ವಿಭಾಗಕ್ಕೆ ಅವರು ಹಿರಿಯರು. ಉಡುಪಿ ಕಡೆಯವರು, ಬೆಳೆದದ್ದು ಚೆಂಬೂರಿನಲ್ಲಿ. ನಮ್ಮ ಮನೆಯವರು ಮೈಸೂರು ಕಡೆಯವರು, ಇರುವುದು ಚೆಂಬೂರಿನಲ್ಲೇ. ಜನವರಿಯಲ್ಲಿ ನಾನು ಕೆಲಸಕ್ಕೆ ಸೇರಿದ ದಿನ, ಸುತ್ತ ಹಿಂದಿ ಮರಾಠಿ ನಡೆಯುತ್ತಿದ್ದ ಹಾಲಿನಲ್ಲಿ ಅವರು ಕೂಗಿದ್ದು ಕನ್ನಡದಲ್ಲಿ: "ಬಾ ಮಾರಾಯ್ತಿ, ಇಲ್ಲಿ ಕೂತ್ಕೋ. ಆ ಕುರ್ಚಿಯ ಕಾಲು ಸರಿ ಇಲ್ಲ."

ನನಗೆ ಕೆಲಸ ಕಲಿಸಿದವರು ಅವರೇ. ಒಂದು ಬ್ಯಾಚ್ ಮಾಲಿನ ದಾಖಲೆಯ ಫೈಲನ್ನು ಹಿಂದಿನಿಂದ ಮುಂದಕ್ಕೆ ಓದಬೇಕು ಎನ್ನುತ್ತಿದ್ದರು. "ಮುಂದಿನ ಪುಟ ಎಲ್ಲರೂ ಚಂದ ಬರೀತಾರೆ. ಸುಳ್ಳು ಇರುದು ಕೊನೇ ಪುಟದಲ್ಲಿ." ನಾನು ದಿನಚರಿ ಬರೆಯುತ್ತೇನೆ, ಎಲ್ಲವನ್ನೂ ಎಣಿಸುತ್ತೇನೆ ಎಂದು ಗೊತ್ತಾದ ಮೇಲೆ ನನ್ನ ಹೆಸರನ್ನೇ ಬಿಟ್ಟುಬಿಟ್ಟರು. "ಏನು ಚಿತ್ರಗುಪ್ತೆ, ಇವತ್ತು ನನ್ನ ಪಾಪ ಎಷ್ಟಾಯ್ತು?"

ವೇಪ್ ಕಲಿಸಿದವರೂ ಅವರೇ. ಮಾರಾಟಕ್ಕೆ ನಿಷೇಧವಿರುವ ವಸ್ತು. ಕಾಂದಿವಲಿಯ ಯಾರೋ ಸ್ನೇಹಿತ ಅವರಿಗೆ ತಂದುಕೊಡುತ್ತಿದ್ದ. ಮಾರ್ಚಿನಲ್ಲಿ ಪೆನ್ನಿನಷ್ಟು ಸಣ್ಣದೊಂದನ್ನು ನನ್ನ ಕೈಗಿಟ್ಟರು. ಹಿಂದಿನ ತೆರೆದ ಮೆಟ್ಟಿಲಿನ ಮೇಲೆ ನಿಂತು ಪಾಠವನ್ನೂ ಹೇಳಿದರು.

"ಇದರದ್ದು ತೂತು ಸಣ್ಣ. ಬಿಸಿ ಚಾ ಹೀರಿದ ಹಾಗೆ ಬಾಯಿಗೆ ಎಳಿ, ಅಲ್ಲೇ ಇಟ್ಕೋ, ಆಮೇಲೆ ಒಳಗೆ. ನನ್ನ ಹಾಗೆ ಎದೆಗೆ ಎಳೀಲಿಕ್ಕೆ ಹೋದ್ರೆ ಎಂತದ್ದೂ ಬರುದಿಲ್ಲ, ಕೆನ್ನೆ ಮಾತ್ರ ಒಳಗೆ ಹೋಗ್ತದೆ."

"ನಿಮ್ಮದರಲ್ಲಿ?"

"ನನ್ನದು ದೊಡ್ಡವರದ್ದು. ಬಾಯಿ ಅಗಲ. ಅದಕ್ಕೆ ಎದೆಯೇ ಬೇಕು."

ಅಂದಿನಿಂದ ನನ್ನ ಡೈರಿಯಲ್ಲಿ ಎರಡು ಕಾಲಂ: ಬಾಯಿ, ಎದೆ. ಬಾಯಿ ನನ್ನದು, ದಿನಕ್ಕೆ ಆರೇಳು. ಎದೆ ಅವರದ್ದು, ನಾನು ನೋಡಿದಷ್ಟೇ ಹದಿನೈದಕ್ಕೆ ಕಡಿಮೆಯಿಲ್ಲ.

ಜುಲೈಯಲ್ಲಿ ಮಳೆ ಹೊಡೆದು ಹಿಂದಿನ ಮೆಟ್ಟಿಲ ಮೇಲೆ ನಿಲ್ಲುವಂತಿರಲಿಲ್ಲ. ಒಂದು ಮಧ್ಯಾಹ್ನ ನಾನು ಫೈಲ್ ರೂಮಿನ ರಿಜಿಸ್ಟರಿನಲ್ಲಿ ಸಹಿ ಮಾಡಿ, ಒಂದು ಫೈಲ್ ತೆಗೆದುಕೊಂಡು ಬಂದೆ. ಬಾಗಿಲು ತೆರೆದೇ ಇತ್ತು. ಐದು ನಿಮಿಷಕ್ಕೆ ದಿವಾಕರ್ ಸರ್ ಎದ್ದು ಆ ಕಡೆ ಹೋದದ್ದನ್ನು ನೋಡಿದೆ. ಅವರು ಸಹಿ ಮಾಡಲಿಲ್ಲ. ಇನ್ನೈದು ನಿಮಿಷಕ್ಕೆ ಸೈರನ್ ಕೂಗಿತು. ಇಡೀ ಬಿಲ್ಡಿಂಗಿನ ಜನ ಮಳೆಯಲ್ಲಿ ಹೊರಗೆ ನಿಂತರು. ಬೆಂಕಿಯೇನೂ ಇರಲಿಲ್ಲ; ಫೈಲ್ ರೂಮಿನ ಹೊಗೆ ಪತ್ತೆ ಮಾಡುವ ಯಂತ್ರದ ಕೆಳಗೆ ಸಿಹಿ ವಾಸನೆಯ ಮಬ್ಬು ಇತ್ತು. ರಿಜಿಸ್ಟರಿನಲ್ಲಿ ಕೊನೆಯ ಸಹಿ ನನ್ನದು.

ಸೆಕ್ಯುರಿಟಿ ಅಧಿಕಾರಿ ಸಾವಂತ್ ಸಾಹೇಬರು ಮೊದಲು ಸೈನ್ಯದಲ್ಲಿದ್ದವರು. "ಮ್ಯಾಡಮ್, ಬ್ಯಾಗ್ ಖೋಲಿಯೇ," ಎಂದರು. ತೆರೆದೆ. ಪೆನ್ನಿನ ಪಕ್ಕದಲ್ಲೇ ನನ್ನ ವೇಪ್ ಇತ್ತು.

ಆ ತಿಂಗಳ ಕೊನೆಗೆ ನನ್ನ ಪ್ರೊಬೇಷನ್ ಮುಗಿದು ಕೆಲಸ ಕಾಯಂ ಆಗಬೇಕಿತ್ತು. ಎಚ್‌ಆರ್ ಮೇಡಂ ಅದನ್ನು ತಡೆಹಿಡಿದರು. ವಿಚಾರಣೆ ಮುಗಿದ ಮೇಲೆ ಇಟ್ಟುಕೊಳ್ಳುವುದೋ ಕಳಿಸುವುದೋ ನೋಡೋಣ ಎಂದರು. ಹೊರಗೆ ಬಂದಾಗ ದಿವಾಕರ್ ಸರ್ ಪಿಸುಗುಟ್ಟಿದರು: "ಟೆನ್ಶನ್ ತಗೋಬೇಡ ಮಾರಾಯ್ತಿ. ಸುಮ್ನಿರು. ನಾನೇ ಹೋಗಿ ಹೇಳ್ತೇನೆ."

ಸುಮ್ಮನಿದ್ದೆ. ಬೆಳಿಗ್ಗೆ ಬಂದ ಕೂಡಲೇ ಒಂದು ಸಲ, ಸಂಜೆ ಹೊರಡುವಾಗ ಒಂದು ಸಲ, "ಹೇಳಿದ್ರಾ ಸರ್?" ಎಂದು ಕೇಳುತ್ತಿದ್ದೆ. "ಇವತ್ತು ಮೇಡಂ ಮೂಡ್ ಸರಿ ಇಲ್ಲ." "ನಾಳೆ ಪಕ್ಕಾ." "ಸೋಮವಾರ ಆಗ್ಲಿ." ಎಲ್ಲವನ್ನೂ ಬರೆದಿಟ್ಟೆ. ಹನ್ನೊಂದು ಕೆಲಸದ ದಿನ ಹೋದವು.

ಹನ್ನೊಂದನೆಯ ದಿನ ಸಂಜೆ, ಅವರನ್ನು ಕೇಳಿ ಹೊರಟಾಗ, ಮೇಡಂ ನನ್ನನ್ನು ಕರೆದು ಒಂದು ಕಾಗದ ತೋರಿಸಿದರು. ದಿವಾಕರ್ ಸರ್ ಕೈಯಾರೆ ಬರೆದುಕೊಟ್ಟದ್ದು. ಹುಡುಗಿ ಚಿಕ್ಕವಳು, ಮೊದಲ ತಪ್ಪು, ದಯವಿಟ್ಟು ಕ್ಷಮಿಸಿ, ಇನ್ನು ಮುಂದೆ ಇವಳ ಜವಾಬ್ದಾರಿ ನನ್ನದು. ಎಷ್ಟು ದೊಡ್ಡ ಮನಸ್ಸಿನ ಮನುಷ್ಯ ನೋಡು ಎಂದರು ಮೇಡಂ.

ದಿವಾಕರ್ ಸರ್ ಬಾಯಿ ಮುಚ್ಚಿಕೊಂಡಿದ್ದರೆ ನಾನು ಬಹುಶಃ ಇನ್ನೂ ಕಾಯುತ್ತಿದ್ದೆ. ತಮ್ಮ ತಪ್ಪಿಗೆ ನನ್ನನ್ನು ಕ್ಷಮಿಸಿಬಿಟ್ಟರಲ್ಲ, ಅದನ್ನು ನುಂಗಲು ಆಗಲಿಲ್ಲ. ಅಂದು ಮನೆಗೆ ಹೋಗುವ ಲೋಕಲ್‌ನಲ್ಲಿ ನಿಂತುಕೊಂಡೇ ಮರುದಿನ ಮಾಡಬೇಕಾದ ಇಡೀ ಕಾರ್ಯಕ್ರಮವನ್ನು ಒಂದೊಂದು ಸಾಲಾಗಿ ಬರೆದೆ. ಅಕ್ಷರ ಅಲುಗಿಲ್ಲ, ಈಗ ತೆಗೆದು ನೋಡಿದರೂ ಅಚ್ಚು ಹಾಕಿದಂತಿದೆ.

ಮರುದಿನ ಸಾವಂತ್ ಸಾಹೇಬರ ಬಳಿ ಹೋಗಿ, ಹೌದು, ನಾನು ವೇಪ್ ಎಳೆಯುತ್ತೇನೆ ಎಂದು ಬರೆದುಕೊಟ್ಟೆ. ಆದರೆ ನನ್ನದರ ಹೊಗೆಗೆ ಆ ಯಂತ್ರ ಕೂಗುವುದಿಲ್ಲ, ಬೇಕಾದರೆ ಎಲ್ಲರ ಎದುರು ಎಳೆದು ತೋರಿಸುತ್ತೇನೆ ಎಂದೆ. ಅವರಿಗೆ ಅದು ಸರಿಯೆನಿಸಿತು. ಕಂಟ್ರೋಲ್ ರೂಮಿಗೆ ಹೇಳಿ ಸೈರನ್ ಮಾತ್ರ ನಿಲ್ಲಿಸಿದರು. ಮೇಡಂ ಬಂದರು. ನನ್ನ ಜವಾಬ್ದಾರಿ ಹೊತ್ತವರೆಂದು ದಿವಾಕರ್ ಸರ್ ಅವರನ್ನೂ ಕರೆಸಿದೆ.

ಯಂತ್ರದ ಕೆಳಗೆ ಕುರ್ಚಿಯ ಮೇಲೆ ನಿಂತು, ಅವರೇ ಕಲಿಸಿದಂತೆ ಚಹಾ ಹೀರಿದ ಹಾಗೆ ಎಳೆದು, ಮೂರು ಸಲ ಬಿಟ್ಟೆ. ತೆಳ್ಳಗಿನ ಎಳೆ ಯಂತ್ರ ಮುಟ್ಟುವ ಮೊದಲೇ ಕರಗಿಹೋಯಿತು.

"ಈಗ ಸರ್ ಅವರದ್ದು," ಎಂದೆ.

"ನನ್ನ ಹತ್ರ ಎಂತದ್ದು ಉಂಟು?" ದಿವಾಕರ್ ಸರ್ ನಕ್ಕರು.

"ಎರಡನೇ ಡ್ರಾಯರ್. ಸ್ಟೇಪ್ಲರ್ ಪಿನ್ನಿನ ದೊಡ್ಡ ಡಬ್ಬಿ," ಎಂದು ಸಾವಂತ್ ಸಾಹೇಬರಿಗೆ ಹಿಂದಿಯಲ್ಲಿ ಹೇಳಿದೆ. ಅವರೇ ಹೋಗಿ ಡಬ್ಬಿಯೊಳಗಿದ್ದ ವೇಪ್ ತಂದು ಕೊಟ್ಟು, ಕುರ್ಚಿಯ ಕಡೆ ಬೆರಳು ತೋರಿಸಿದರು.

ದಿವಾಕರ್ ಸರ್ ಕುರ್ಚಿ ಹತ್ತಿದರು. ನನ್ನಂತೆಯೇ ಸಣ್ಣಗೆ ಬಾಯಿಗೆ ಎಳೆದು ತಪ್ಪಿಸಿಕೊಳ್ಳಲು ನೋಡಿದರು. ತುಟಿ ಕಿರಿದು ಮಾಡಿದ್ದನ್ನು ಕಂಡೆ. ಆದರೆ ಆ ಅಗಲ ಬಾಯಿಯ ವಸ್ತು ಹಾಗೆ ಬರುವುದಲ್ಲ. ಒಂದು ಸಲ ಎಳೆದರು, ಬರಲಿಲ್ಲ. ಇನ್ನೊಂದು ಸಲ. ಮೂರನೆಯ ಸಲಕ್ಕೆ ವರ್ಷಗಳ ಅಭ್ಯಾಸ ಗೆದ್ದಿತು. ಭುಜಗಳು ತಾವಾಗಿ ಮೇಲೆದ್ದವು, ಎದೆ ತುಂಬಿತು. ಎಷ್ಟು ಹೊತ್ತು ತಡೆದಾರು? ಕೆಮ್ಮು ಬಂತು, ಎಲ್ಲವೂ ಹೊರಗೆ ಬಂತು. ಯಂತ್ರದ ದೀಪ ಕೆಂಪಾಗಿ ನಿಂತಿತು. ಸಾವಂತ್ ಸಾಹೇಬರ ಫೋನ್ ಬಡಿದುಕೊಂಡಿತು, ಕಂಟ್ರೋಲ್ ರೂಮಿನವರು ನಾಲ್ಕನೇ ಮಹಡಿ ಎಂದು ಕೂಗುತ್ತಿದ್ದರು: ಸಾಹೇಬ್, ಚೌಥಾ ಮಾಳಾ.

ನನಗೆ ಅಷ್ಟು ಸಂತೋಷ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಅದನ್ನು ಮುಚ್ಚಿಡುವುದಿಲ್ಲ.

ನನಗೆ ಎಚ್ಚರಿಕೆ ಪತ್ರ ಸಿಕ್ಕಿತು. ಸುಳ್ಳು ಬರೆದುಕೊಟ್ಟದ್ದಕ್ಕೆ ಅವರಿಂದ ರಾಜೀನಾಮೆ ಕೇಳಿ ಪಡೆದರು. ಸೆಪ್ಟೆಂಬರ್ ಮೊದಲ ವಾರ, ಅವರ ಕೊನೆಯ ದಿನ, ಇಬ್ಬರೂ ಒಂದೇ ಹೊತ್ತಿಗೆ ವಿಕ್ರೋಳಿ ಸ್ಟೇಷನ್ನಿಗೆ ಬಂದೆವು. ಅವರ ಕೈಯಲ್ಲಿ ಎರಡು ಚೀಲ.

"ನನ್ನ ಹತ್ರ ಒಂದು ಮಾತು ಹೇಳಬಹುದಿತ್ತಲ್ವಾ ಮಾರಾಯ್ತಿ? ನಾನೇ ಹೋಗಿ ಒಪ್ಪಿಕೊಳ್ತಿದ್ದೆ."

"ಇಪ್ಪತ್ತೆರಡು ಸಲ ಹೇಳಿದ್ದೀನಿ ಸರ್."

"ನಾನು ಹೆದರಿದ್ದೆ."

"ನಾನೂ ಹೆದರಿದ್ದೆ."

ಕಾಯಂ ಆದ ಪತ್ರ ಅಂದೇ ಬೆಳಿಗ್ಗೆ ನನ್ನ ಕೈಸೇರಿತ್ತು. ಅವರಿಗೆ ತೋರಿಸಲೆಂದೇ ಬ್ಯಾಗಿನಲ್ಲಿ ಮೇಲ್ಗಡೆ ಇಟ್ಟುಕೊಂಡಿದ್ದೆ. ತೆಗೆದು ಕೊಟ್ಟೆ. ಅವರು ಚೀಲಗಳನ್ನು ಕೆಳಗಿಟ್ಟು, ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು.

"ಸೇರಿದ ತಾರೀಖು ತಪ್ಪು ಹಾಕಿದ್ದಾರೆ ನೋಡು. ಫೆಬ್ರವರಿ ಅಂತ ಉಂಟು. ನೀನು ಬಂದದ್ದು ಜನವರಿಯಲ್ಲಿ. ಸರ್ವಿಸ್ ಒಂದು ತಿಂಗಳು ಹೋಗ್ತದೆ. ನಾಳೆಯೇ ಸರಿ ಮಾಡಿಸ್ಕೋ, ಬಿಟ್ರೆ ಆಮೇಲೆ ಆಗುದಿಲ್ಲ."

ಬೆಳಗಿನಿಂದ ಆ ಪತ್ರವನ್ನು ನಾಲ್ಕು ಸಲ ಓದಿದ್ದೆ. ಕಂಡಿರಲಿಲ್ಲ. ಲೋಕಲ್ ಬಂತು. ಅವರು ಪತ್ರವನ್ನು ಮಡಿಸಿ ಕೊಟ್ಟು, ಚೀಲಗಳನ್ನು ಎತ್ತಿಕೊಂಡು ಜನರ ಜೊತೆ ನುಗ್ಗಿ ಹತ್ತಿದರು. ನಾನು ಮುಂದಿನ ಗಾಡಿಗೆಂದು ಅಲ್ಲೇ ನಿಂತೆ. ಥ್ಯಾಂಕ್ಸ್ ಎನ್ನುವ ಮಾತು ಬಾಯವರೆಗೂ ಬಂದಿತ್ತು. ಹಲ್ಲು ಕಚ್ಚಿ ಹಿಡಿದೆ. ಗಾಡಿ ಪ್ಲಾಟ್‌ಫಾರ್ಮ್ ದಾಟುವವರೆಗೂ ಬಿಡಲಿಲ್ಲ.