ಚಿಕ್ಕಬೀರಪ್ಪನ ಹ್ಯಾಂಡ್‌ಬ್ರೇಕು

ಚಿಕ್ಕಬೀರಪ್ಪ ನೆಲದ ಮೇಲೆ ನಿಂತಿದ್ದನ್ನು ಕಂಡವರು ಕಡೂರಿನಲ್ಲಿ ಬೆರಳೆಣಿಕೆಯಷ್ಟು. ಕೊಬ್ಬರಿ ಮಂಡಿ ಸಾಹುಕಾರ ಮಲ್ಲಿಕಾರ್ಜುನಪ್ಪನವರ ಹಳೇ ಕಪ್ಪು ಕಾರಿಗೆ ಅವನು ಡ್ರೈವರು. ಯಾರೋ ಬಿಳೀ ದೊರೆ ಕಾಫಿ ತೋಟ ಮಾರಿ ತನ್ನ ಸೀಮೆಗೆ ಹೋಗುವಾಗ ಮಲ್ಲಿಕಾರ್ಜುನಪ್ಪನವರ ತಂದೆಗೆ ಮಾರಿಹೋದ ಕಾರು ಅದು. ಕಿಟಕಿಯಲ್ಲಿ ಒಂದು ಮುಖ, ಸ್ಟೀರಿಂಗಿನ ಮೇಲೆ ಎರಡು ಕೈ, ಇಷ್ಟೇ ಊರಿಗೆ ಗೊತ್ತಿದ್ದದ್ದು. ಅವನಿಗೆ ಕಾಲುಗಳು ಇವೆಯೋ ಇಲ್ಲವೋ ಎಂದು ಬೀರೂರಿನ ನನ್ನ ಮೆಕ್ಯಾನಿಕ್ ಶೆಡ್ಡಿನಲ್ಲಿ ತಮಾಷೆ ಮಾಡುತ್ತಿದ್ದರು. ನಾನೂ ಮಾಡಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಎಲ್ಲಕ್ಕೂ ಕಾರಣ ಆ ಕಾರಿನ ಹ್ಯಾಂಡ್‌ಬ್ರೇಕು. ಅರವತ್ತೊಂಬತ್ತರಲ್ಲಿ ಸಾಹುಕಾರರ ಮನೆಯವರನ್ನು ಲಕ್ಕವಳ್ಳಿ ಡ್ಯಾಮು ತೋರಿಸಲು ಕರೆದುಕೊಂಡು ಹೋಗಿದ್ದ. ಬ್ರೇಕು ಆಗಲೇ ಹಿಡಿಯುತ್ತಿರಲಿಲ್ಲ. ಚಕ್ರಕ್ಕೆ ಕಲ್ಲು ಕೊಟ್ಟು ಬೀಡಿ ಸೇದಲು ಮರದ ಮರೆಗೆ ಹೋದ. ಕಲ್ಲು ಜಾರಿತು. ಕಾರು ಉರುಳುತ್ತಾ ಹೋಗಿ ಕಾಲುವೆ ದಂಡೆಗೆ ತಾಗಿ ನಿಂತಿತು. ಒಳಗೆ ಸಾಹುಕಾರರ ತಾಯಿ ನಿದ್ದೆ ಮಾಡುತ್ತಿದ್ದರು. ಅವರಿಗೆ ಎಚ್ಚರವೂ ಆಗಲಿಲ್ಲ, ಆದರೆ ಸಾಹುಕಾರರು ಅವತ್ತೇ ಇವನಿಂದ ಬೀರದೇವರ ಆಣೆ ಹಾಕಿಸಿಕೊಂಡರು. ಬ್ರೇಕು ಸರಿಹೋಗುವ ತನಕ, ಸಾಹುಕಾರರ ಮನೆಯ ಶೆಡ್ಡಿನಲ್ಲಲ್ಲದೆ ಬೇರೆಲ್ಲೂ ಕಾರು ಬಿಟ್ಟು ಇಳಿಯಕೂಡದು.

ಸರಿ, ಹಾಗಾದರೆ ಬ್ರೇಕು ರಿಪೇರಿ ಮಾಡಿಸಬೇಕಲ್ಲ? “ನೀನಿದ್ದೀಯಲ್ಲೋ, ಬ್ರೇಕ್ ಯಾಕೆ” ಎಂದುಬಿಟ್ಟರು ಪುಣ್ಯಾತ್ಮರು. ಹದಿಮೂರು ವರ್ಷ ಇದೇ ಮಾತು. ಆಣೆ ಹಾಕಿಸಿದವರೂ ಅವರೇ, ಸೋಮಾರಿತನ ಮಾಡಿದವರೂ ಅವರೇ. ಆ ಮನುಷ್ಯನ ಮೇಲೆ ನನಗೆ ಈಗಲೂ ಸಿಟ್ಟಿದೆ.

ಹದಿಮೂರು ವರ್ಷದಲ್ಲಿ ಅವನು ಹೋಗದ ಮದುವೆಯಿಲ್ಲ, ಒಳಗೆ ಕಾಲಿಟ್ಟ ಮದುವೆಯೂ ಇಲ್ಲ. ಓಲಗ ಕೇಳಿಸುತ್ತಿತ್ತು, ಚಪ್ಪರ ಕಾಣಿಸುತ್ತಿತ್ತು. ಎಲ್ಲರ ಊಟ ಮುಗಿದ ಮೇಲೆ ಯಾರಾದರೂ ನೆನಪು ಮಾಡಿಕೊಂಡು ಕಾರಿಗೇ ಒಂದು ಎಲೆ ಕಳಿಸುತ್ತಿದ್ದರು. ಪಕ್ಕದ ಸೀಟಿನ ಮೇಲೆ ಎಲೆ ಹಾಸಿಕೊಂಡು ಒಬ್ಬನೇ ಉಣ್ಣುತ್ತಿದ್ದ. ಇವನಿಗೇ ಹೆಣ್ಣು ನೋಡಲು ಸಾಹುಕಾರರು ತರೀಕೆರೆಗೆ ಕರೆದುಕೊಂಡು ಹೋದಾಗಲೂ ಅದೇ ಕಥೆ. ಅವರು ಒಳಗೆ ಕೂತು ಉಪ್ಪಿಟ್ಟು ತಿಂದರು, ಗಂಡು ಬೀದಿಯಲ್ಲಿ ಕಾರು ಕಾಯುತ್ತಿತ್ತು. ಹೊಸಿಲು ದಾಟದ ಗಂಡಿಗೆ ಹೆಣ್ಣು ಕೊಡಲ್ಲ ಎಂದರು ಹೆಣ್ಣಿನವರು. ನನಗೆ ಇದನ್ನು ಹೇಳಿದಾಗ ನಾನು ಬಿದ್ದು ಬಿದ್ದು ನಕ್ಕೆ. ಅವನು ನಗಲಿಲ್ಲ. ಮತ್ತೆ ಹೆಣ್ಣು ನೋಡಲೂ ಹೋಗಲಿಲ್ಲ.

ತನ್ನವರು ಅಂತ ಅವನಿಗಿದ್ದದ್ದು ಯಗಟಿಯಲ್ಲಿ ತಂಗಿ ದ್ಯಾಮಮ್ಮ, ಅವಳ ಇಬ್ಬರು ಹೆಣ್ಣುಮಕ್ಕಳು. ಅವರ ಕುಲದಲ್ಲಿ ಸೋದರಮಾವನೇ ಹೆಣ್ಣಿನ ಕೈಹಿಡಿದು ಹಸೆಮಣೆಗೆ ಕರೆತರಬೇಕು. ಎಪ್ಪತ್ತೆಂಟರಲ್ಲಿ ದೊಡ್ಡವಳ ಮದುವೆಯಾದಾಗ ಇವನು ಗಂಡನ್ನು ಕಾರಿನಲ್ಲಿ ತಂದು ಇಳಿಸಿ, ಅಲ್ಲೇ ಕೂತ. ದೂರದ ದಾಯಾದಿ ಬೀರಯ್ಯ ಹುಡುಗಿಯ ಕೈಹಿಡಿದು ನಡೆಸಿದ.

ಎಂಬತ್ತೆರಡರಲ್ಲಿ ಚಿಕ್ಕವಳಿಗೆ ಅಜ್ಜಂಪುರದ ಗಂಡು ಗೊತ್ತಾಯಿತು. ಮದುವೆಗೆ ಹತ್ತು ದಿನ ಇರುವಾಗ ಚಿಕ್ಕಬೀರಪ್ಪ ಕಾರು ತಂದು ನನ್ನ ಶೆಡ್ಡಿನ ಮುಂದೆ ನಿಲ್ಲಿಸಿದ.

“ಷಡಕ್ಷರಣ್ಣ, ಬ್ರೇಕ್ ಮಾಡ್ಕೊಡು. ಸಾವ್ಕಾರ್ರು ಏನಾರ ಮಾಡ್ಕೋ ಹೋಗು ಅಂದವ್ರೆ. ಈ ಸಲ ಮಗೀನ ಕೈ ನಾನೇ ಹಿಡ್ಕಂಡ್ ಬರ್ಬೇಕು.”

“ಹದಿಮೂರು ವರ್ಷ ಏನ್ಲಾ ಮಾಡ್ತಿದ್ದೆ?” ಎಂದು ಬೈದು ಹಿಂದಿನ ಚಕ್ರ ಬಿಚ್ಚಿದೆ.

ಆ ಕಾರಿನಲ್ಲಿ ಹ್ಯಾಂಡ್‌ಬ್ರೇಕಿಗೆ ಬೇರೆಯೇ ಬ್ರೇಕ್ ಶೂಗಳು, ಚಕ್ರದ ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಪಟ್ಟಿಗಳು. ಅವನ್ನು ಹಿಡಿದಿಡುವ ಸ್ಪ್ರಿಂಗುಗಳು ಸೊರಗಿ ಜೋತುಬಿದ್ದಿದ್ದವು. ಶೂಗಳು ಜಾಗ ಬಿಟ್ಟು ವಾಲಿಕೊಂಡಿದ್ದವು. ಹಿಡಿಕೆಯ ಬುಡದಲ್ಲಿ, ಹಲ್ಲಿಗೆ ಕೊಂಡಿಯನ್ನು ಒತ್ತಿಡುವ ಪುಟ್ಟ ಸ್ಪ್ರಿಂಗು ತುಂಡಾಗಿತ್ತು. ಇಷ್ಟೇ. ಒಬ್ಬ ಮನುಷ್ಯನ ಹದಿಮೂರು ವರ್ಷ ತಿಂದದ್ದು ನನ್ನ ಅಂಗೈಯಲ್ಲಿ ಹಿಡಿಸುವಷ್ಟು ತಂತಿ. ಆ ಕಾರಿನ ಸಾಮಾನು ಎಲ್ಲೂ ಸಿಗುವುದಿಲ್ಲ. ಗುಜರಿಗೆ ಬಂದಿದ್ದ ಜೀಪಿನ ಸ್ಪ್ರಿಂಗು ತಂದು, ಕೊಕ್ಕೆಯನ್ನು ಮಾತ್ರ ಕಾಯಿಸಿ ಬಗ್ಗಿಸಿದೆ. ಸುರುಳಿಗೆ ಬೆಂಕಿ ತಾಗಿದರೆ ಸ್ಪ್ರಿಂಗಿನ ಜೀವ ಹೋಗುತ್ತದೆ, ಅದಕ್ಕೇ ಅಲ್ಲಿಗೆ ಒದ್ದೆ ಬಟ್ಟೆ ಸುತ್ತಿದ್ದೆ. ಚಿಕ್ಕ ಸ್ಪ್ರಿಂಗನ್ನು ಹಳೇ ಪಂಪೊಂದರಿಂದ ಕಿತ್ತು ಹಾಕಿದೆ. ಸಂಜೆ ಹೊತ್ತಿಗೆ ಕೆಲಸ ಮುಗಿಯಿತು.

ಕೆರೆ ಏರಿಯ ಇಳಿಜಾರಿಗೆ ಹೋಗಿ ನಿಲ್ಲಿಸಿದೆವು. ಹಿಡಿಕೆ ಎಳೆದ. ಕಟಕಟ ಎಂದು ಹಲ್ಲು ಕಚ್ಚಿತು. ಪೆಡಲಿನಿಂದ ಕಾಲು ತೆಗೆದು, ಇಳಿದು, ಕಾರಿನ ಮುಂದೆ ಎರಡೂ ಕೈ ಚಾಚಿ ನಿಂತ, ತುಂಟ ಕರುವಿಗೆ ಅಡ್ಡ ನಿಂತವನ ಹಾಗೆ. ಕಾರು ಅಲುಗಲಿಲ್ಲ.

“ತಂಗಿಗೆ ಹೇಳಿದ್ದೀಯೇನೋ?” ಎಂದೆ.

“ಅದುನ್ನೇನಣ್ಣ ಹೇಳಾದು? ಸೋದರಮಾವ ಅಲ್ವಾ ನಾನು” ಎಂದ.

ಬಲವಂತ ಮಾಡಿ ನನ್ನನ್ನೂ ಮದುವೆಗೆ ಕರೆದುಕೊಂಡು ಹೋದ. ಗಂಡನ್ನು ಇಳಿಸಿ, ಕಾರನ್ನು ಗುಡಿಯ ಪಕ್ಕ ನಿಲ್ಲಿಸಿ, ಹಿಡಿಕೆ ಎಳೆದು, ಹೊಸ ಪಂಚೆ ಸರಿಮಾಡಿಕೊಂಡು ಚಪ್ಪರದೊಳಗೆ ನಡೆದ. ನಾನು ಹಿಂದೆಯೇ ಹೋದೆ. ಅಷ್ಟರಲ್ಲಿ ಬೀರಯ್ಯ ಹುಡುಗಿಯ ಕೈಹಿಡಿದು ಹಸೆಮಣೆಯ ಹತ್ತಿರ ಬಂದಾಗಿತ್ತು.

ದ್ಯಾಮಮ್ಮ ಅಣ್ಣನನ್ನು ನೋಡಿ ಗಾಬರಿಯಾದಳು.

“ಅಯ್ಯೋ, ನೀನ್ಯಾಕಣ್ಣ ಬಂದೆ? ಕಾರ್ ತಾವ ಯಾರವ್ರೆ?”

“ನಿಂತೈತೆ ಕಣವ್ವ. ಬ್ರೇಕ್ ಮಾಡಿಸ್ದೆ.”

“ನೀನು ಇಳಿಯಾಕಿಲ್ಲ ಅಂತ ಬೀರಯ್ಯಂಗೆ ಹೇಳ್ಬಿಟ್ಟೆ ಕಣಣ್ಣ. ದೊಡ್ಡೋಳ್ದೂ ಅವ್ನೇ ಮಾಡಿದ್ನಲ್ಲ.”

ಅವಳದು ತಪ್ಪೆಂದು ಹೇಗೆ ಹೇಳಲಿ? ಆದರೂ ಹೋಗಿ ಬೀರಯ್ಯನನ್ನು ಸರಿಸೋಣವೆಂದು ಹೆಜ್ಜೆ ಇಟ್ಟೆ. ಚಿಕ್ಕಬೀರಪ್ಪ ನನ್ನ ತೋಳು ಹಿಡಿದುಕೊಂಡ. “ಬ್ಯಾಡ, ಮೂರ್ತ ಮೀರ್ತೈತೆ” ಎಂದ. ಎಲ್ಲರ ಹಿಂದೆ, ಚಪ್ಪರದ ಅಂಚಿನಲ್ಲಿ ನಿಂತು ಅಕ್ಷತೆ ಎಸೆದ. ಅದು ಹಸೆಯವರೆಗೆ ಹೋಗಲಿಲ್ಲ.

ಊಟಕ್ಕೆ ಪಂಕ್ತಿಯಲ್ಲಿ ಕೂತೆವು. ಎಲೆಯ ಮುಂದೆ ಅವನು ಮುದುಡಿಕೊಂಡಿದ್ದ. ಮೊಣಕೈ ಎಲ್ಲಿಡಬೇಕೆಂದೇ ಅವನಿಗೆ ತಿಳಿಯುತ್ತಿರಲಿಲ್ಲ. ಪಾಯಸ ಬಡಿಸಲು ಬಂದ ಹೆಣ್ಣಿನ ಕಡೆಯ ಹಿರಿಯರೊಬ್ಬರು ಸೌಟು ತಡೆದು ಅವನ ಮುಖ ನೋಡಿದರು.

“ಗೊತ್ತಾಗ್ಲಿಲ್ವಲ್ಲ. ಗಂಡಿನ ಕಡೆಯೋರೋ, ಹೆಣ್ಣಿನ ಕಡೆಯೋರೋ?”

ನಾನು ಬಾಯಿ ತೆರೆಯುವುದರೊಳಗೆ ಅವನೇ ಹೇಳಿದ.

“ಕಾರಿನ ಕಡೆಯೋನು, ಸ್ವಾಮಿ.”

“ಹೌದಾ” ಎಂದು ಅವರು ಪಾಯಸ ಬಡಿಸಿ ಮುಂದಿನ ಎಲೆಗೆ ಹೋದರು.