ಬಾಂಗ್ ಇಲ್ಲದ ನೋಂಬು

ಕಳೆದ ತಿಂಗಳು ಸುದ್ದಿಮನೆಗೆ ಹೊಸದಾಗಿ ಸೇರಿದ ಉಪಸಂಪಾದಕಿಯೊಬ್ಬರು ಮಧ್ಯಾಹ್ನ ಊಟದ ಡಬ್ಬಿ ತೆರೆದರು. ಉಪ್ಪು, ಒಗ್ಗರಣೆ ಯಾವುದೂ ಇಲ್ಲದ ಬೇಯಿಸಿದ ಹುರುಳಿ, ಪಕ್ಕದಲ್ಲಿ ಸೋರೆಕಾಯಿಯ ತುಂಡುಗಳು. ಬೇಯಿಸಿದ ಹುರುಳಿಗೆ ಅದರದ್ದೇ ಒಂದು ವಾಸನೆಯಿದೆ. ಹಟ್ಟಿಯಲ್ಲಿ ದನಕ್ಕೆ ಬೇಯಿಸುವ ಹಂಡೆಯ ಹತ್ತಿರ ನಿಂತವರಿಗೆ ಅದು ಗೊತ್ತು. ಅನ್ನ ಬಿಟ್ಟು ನಾಲ್ಕು ತಿಂಗಳಾಯಿತು, ತೂಕ ಇಳಿಯುತ್ತಿದೆ, ಇನ್ನು ಜೀವಮಾನವಿಡೀ ಹೀಗೆಯೇ ಎಂದು ಅವರು ಪಕ್ಕದವರಿಗೆ ಹೇಳುತ್ತಿದ್ದರು. ನನಗೆ ಅದೇ ವಾಸನೆ ಮೆಟ್ಟಿಲು ಹತ್ತಿ ಬರುತ್ತಿದ್ದ ಒಂದು ಕೋಣೆ ನೆನಪಾಗಿತ್ತು...

ನಾನು ಕೆಲವು ವರ್ಷ ಪತ್ರಿಕೆಯ ಪುತ್ತೂರು ವರದಿಗಾರನಾಗಿದ್ದೆ. ಸುಳ್ಯ, ಕಡಬದ ಸುದ್ದಿಯೂ ಅದೇ ಕೋಣೆಯಿಂದ ಹೋಗುತ್ತಿತ್ತು. ಕೋಣೆ ಮಹಡಿಯ ಮೇಲೆ, ಕೆಳಗೆ ಚಪ್ಪಲಿ ಅಂಗಡಿ. ಅಂಗಡಿಯ ಯಜಮಾನರನ್ನು ಬೀದಿಯಲ್ಲಿ ಎಲ್ಲರೂ ‘ಇಚ್ಚ’ ಎನ್ನುತ್ತಿದ್ದರು. ಬ್ಯಾರಿ ಭಾಷೆಯಲ್ಲಿ ಅಣ್ಣ ಎಂದರ್ಥ. ಸುಳ್ಯದ ಕಡೆಯ ನಮ್ಮ ಮನೆಯಲ್ಲಿ ಅರೆಭಾಷೆ, ಅವರ ಮನೆಯಲ್ಲಿ ಬ್ಯಾರಿ. ನಮ್ಮಿಬ್ಬರ ಮಾತು ಕನ್ನಡದಲ್ಲಿ, ಬೈಗುಳ ಬಂದಾಗ ತುಳುವಿನಲ್ಲಿ.

ಇಚ್ಚ ಎತ್ತರದ ಆಳು. ತೂಕ ನೂರು ಕಿಲೋ ದಾಟಿ ವರ್ಷಗಳಾಗಿದ್ದವು. ಚಪ್ಪಲಿ ವ್ಯಾಪಾರವೆಂದರೆ ದಿನವಿಡೀ ಗಿರಾಕಿಯ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು ಏಳುವ ಕೆಲಸ. ಹರೆಯದಿಂದ ಅದನ್ನೇ ಮಾಡಿದ ಮಂಡಿಗಳು ಐವತ್ತರ ಹೊತ್ತಿಗೆ ಸೋತಿದ್ದವು. ನಾನು ಹೋಗುವಾಗಲೇ ಅವರು ಬಗ್ಗುವುದನ್ನು ಬಿಟ್ಟಿದ್ದರು. ಚಪ್ಪಲಿಯನ್ನು ಗಿರಾಕಿಯ ಕೈಗೆ ಕೊಟ್ಟು, “ನೀವೇ ಹಾಕಿ ನೋಡಿ ಮಾರಾಯ್ರೆ, ನಾನು ಬಗ್ಗಿದ್ರೆ ಎತ್ಲಿಕ್ಕೆ ಕ್ರೇನ್ ತರಿಸ್ಬೇಕು” ಎನ್ನುತ್ತಿದ್ದರು. ಗಿರಾಕಿ ನಗುತ್ತಿದ್ದರು, ಚಪ್ಪಲಿ ಮಾರಾಟವಾಗುತ್ತಿತ್ತು.

ಅವರು ನಗದೆ ಹೇಳಿದ ಸಂಗತಿ ಒಂದೇ. ಶುಕ್ರವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು, ಒಂದು ಪ್ಲಾಸ್ಟಿಕ್ ಸ್ಟೂಲನ್ನು ಕಂಕುಳಲ್ಲಿ ಇಟ್ಟುಕೊಂಡು ಹಿಂದಿನ ಓಣಿಯ ಪಳ್ಳಿಗೆ, ಅಂದರೆ ಮಸೀದಿಗೆ, ಹೋಗುತ್ತಿದ್ದರು. ಮಂಡಿ ಮಡಚಲಾಗದವರು ಸಾಲಿನ ತುದಿಯಲ್ಲಿ ಕುರ್ಚಿ ಹಾಕಿ ಕೂತು ನಮಾಜು ಮಾಡುತ್ತಾರೆ. ಹಣೆಯನ್ನು ನೆಲಕ್ಕೆ ಮುಟ್ಟಿಸಬೇಕಾದಾಗ ಕೂತಲ್ಲೇ ತಲೆ ಬಗ್ಗಿಸುತ್ತಾರೆ. ಅದಕ್ಕೆ ಧರ್ಮದ ಒಪ್ಪಿಗೆ ಇದೆ. ಅವರ ಒಪ್ಪಿಗೆ ಇರಲಿಲ್ಲ.

“ಎಲ್ಲ ನೆಲದಲ್ಲಿ, ನಾನೊಬ್ಬ ಮೇಲೆ. ಬಸ್ಸಿಗೆ ಕಾದು ಕೂತ ಹಾಗೆ ಆಗ್ತದೆ” ಎಂದರು ಒಮ್ಮೆ. “ಸಾಯುವ ಮೊದಲು ಹಣೆ ನೆಲಕ್ಕೆ ಮುಟ್ಬೇಕು. ಬೇರೆ ಎಂತ ಆಸೆಯೂ ಇಲ್ಲ.”

ಮಂಗಳೂರಿನ ಮೂಳೆ ವೈದ್ಯರೊಬ್ಬರು ಮಂಡಿಯ ಎಕ್ಸ್‌ರೇ ನೋಡಿ, ಶಸ್ತ್ರಚಿಕಿತ್ಸೆಯ ಮಾತು ಆಮೇಲೆ, ಮೊದಲು ಇಪ್ಪತ್ತೈದು ಕಿಲೋ ಇಳಿಸಿ ಎಂದರು. ಇಳಿಸಿದರೆ ನೆಲದಲ್ಲಿ ಕೂರುವುದು ಸಾಧ್ಯವಾದೀತು ಎಂದೂ ಹೇಳಿದರಂತೆ. ಇಚ್ಚ ಆ ಕೊನೆಯ ಮಾತನ್ನು ಮಾತ್ರ ಹಿಡಿದುಕೊಂಡು ಬಸ್ಸು ಹತ್ತಿದರು. ಆಹಾರದ ಒಂದು ಪಟ್ಟಿ ಬಂತು. ಅನ್ನ ಇಲ್ಲ, ಪತ್ತಿರ್ ಎಂಬ ಅಕ್ಕಿರೊಟ್ಟಿ ಇಲ್ಲ, ಸಕ್ಕರೆ, ಕರಿದದ್ದು, ತೆಂಗಿನಕಾಯಿ ಇಲ್ಲ. ಪಟ್ಟಿಯಲ್ಲಿ ಉಪ್ಪು ಕಡಿಮೆ ಎಂದಿತ್ತು; ಇಚ್ಚ ಪೂರ್ತಿ ಬಿಟ್ಟರು.

ಮರುದಿನದಿಂದ ಸ್ಟೀಲಿನ ಬುತ್ತಿ ಬರಲು ಶುರುವಾಯಿತು. ಹುರುಳಿ, ಸೋರೆಕಾಯಿ, ಮುಳ್ಳುಸೌತೆ. ಮಧ್ಯಾಹ್ನ ಬುತ್ತಿಯ ಮುಚ್ಚಳ ತೆಗೆದದ್ದು ಮೇಲಿದ್ದ ನನಗೆ ತಿಳಿಯುತ್ತಿತ್ತು. ಎದುರಿನ ಹೋಟೆಲಿನವರು ಬಂದು ಇಣುಕಿ, “ಇಚ್ಚ, ಹಟ್ಟಿಯ ಎತ್ತು ನಿಮಗಿಂತ ಚಂದ ಉಣ್ತದೆ” ಎಂದು ಕೆಣಕುತ್ತಿದ್ದರು. “ಎತ್ತಿಗೆ ಮಂಡಿ ನಾಲ್ಕು ಉಂಟು, ನನಗೆ ಇರುದು ಎರಡೇ” ಎಂಬ ಉತ್ತರ ಬರುತ್ತಿತ್ತು.

ಅವರು ತಪ್ಪಲಿಲ್ಲ. ಇದನ್ನು ನಾನು ದಾಖಲೆಯ ಹಾಗೆ ಹೇಳಬಲ್ಲೆ, ಏಕೆಂದರೆ ದಿನವೂ ನೋಡುತ್ತಿದ್ದೆ. ಬೀದಿಯ ಮದುವೆಗಳಿಗೆ ಹೋಗಿ ಉಡುಗೊರೆ ಕೊಟ್ಟು ಊಟಕ್ಕೆ ಮೊದಲೇ ಹೊರಡುತ್ತಿದ್ದರು. ರಂಜಾನಿನ ನೋಂಬು, ಅಂದರೆ ಉಪವಾಸ, ಬಿಡುವಾಗ ಒಂದು ಖರ್ಜೂರ, ನೀರು, ಮತ್ತೆ ಅದೇ ಹುರುಳಿ. ಮನೆಯಲ್ಲಿ ಅವರದ್ದು ಬೇರೆ ಪಾತ್ರೆ, ಬೇರೆ ಹೊತ್ತು. ಅಂಗಿ ಎರಡು ಬಾರಿ ದರ್ಜಿಯ ಬಳಿ ಹೋಗಿ ಬಂತು. ವರ್ಷ ತುಂಬುವ ಮೊದಲೇ ವೈದ್ಯರು ಹೇಳಿದಷ್ಟು ತೂಕ ಇಳಿದಿತ್ತು. ಒಂದು ಶುಕ್ರವಾರ ಕಿಟಕಿಯಿಂದ ನೋಡಿದಾಗ ಅವರು ಬರಿಗೈಯಲ್ಲಿ ಓಣಿಗೆ ತಿರುಗುತ್ತಿದ್ದರು. ಮರಳಿ ಬಂದಾಗ ಹಣೆಯ ಮೇಲೆ ಚಾಪೆಯ ಗುರುತು ಇತ್ತು. ಅದನ್ನು ಒರೆಸಿಕೊಳ್ಳದೆ ಸಂಜೆಯವರೆಗೆ ವ್ಯಾಪಾರ ಮಾಡಿದರು.

ಆ ಹೊತ್ತಿಗೆ ಇಚ್ಚನ ಮಗಳ ಮದುವೆ ಕಡಬದ ಕಡೆಯ ಒಂದು ಕುಟುಂಬದಲ್ಲಿ ನಿಶ್ಚಯವಾಯಿತು. ಇಚಿಲಂಪಾಡಿಯಿಂದ ಸ್ವಲ್ಪ ಒಳಗೆ ಅವರ ಮನೆ. ಬೀಗರು ಮೊದಲ ಸಲ ಊಟಕ್ಕೆ ಕರೆದರು. ಇಚ್ಚ ನನ್ನನ್ನೂ ಕರೆದುಕೊಂಡು ಹೋದರು. ಹೋಗುವಾಗ ಕಾರಿನಲ್ಲಿ ಅವರ ಕಾಲ ಬಳಿ ಬುತ್ತಿ ಇತ್ತು. “ಅಲ್ಲಿಗೂ ಬೇಕಾ ಅದು?” ಎಂದು ಅವರ ಹೆಂಡತಿ ಹಿಂದಿನ ಸೀಟಿನಿಂದ ಕೇಳಿದರು. “ಪಟ್ಟಿಯಲ್ಲಿ ಬೀಗರ ಮನೆಗೆ ರಜೆ ಹೇಳಿ ಬರೆದಿಲ್ಲ” ಎಂದರು ಇಚ್ಚ.

ಹಳೆಯ ಪದ್ಧತಿ ಬಿಡದ ಮನೆ ಅದು. ನೆಲಕ್ಕೆ ಚಾಪೆ ಹಾಸಿ, ನಾಲ್ಕು ಜನಕ್ಕೆ ಒಂದು ದೊಡ್ಡ ಹರಿವಾಣ ಇಟ್ಟರು. ನಡುವೆ ತುಪ್ಪದನ್ನದ ಗುಡ್ಡೆ, ಸುತ್ತ ಕೋಳಿ. ಎಲ್ಲರೂ ಅದೇ ಹರಿವಾಣದಿಂದ, ತಮ್ಮ ತಮ್ಮ ಎದುರಿನ ಭಾಗ ಉಣ್ಣುವುದು. ಇಚ್ಚ ಮಂಡಿ ಮಡಚಿ ಚಾಪೆಯಲ್ಲಿ ಸುಲಭವಾಗಿ ಕೂತರು. ನನ್ನ ಕಡೆ ಒಮ್ಮೆ ನೋಡಿದರು ಕೂಡ. ಆಮೇಲೆ ಬುತ್ತಿ ತೆಗೆದು ಹರಿವಾಣದ ಪಕ್ಕ ಇಟ್ಟು ಮುಚ್ಚಳ ಬಿಚ್ಚಿದರು.

ಹರಿವಾಣದತ್ತ ಹೋಗಿದ್ದ ಕೈಗಳು ಹಿಂದೆ ಬಂದವು. ಒಂದೇ ಹರಿವಾಣದಲ್ಲಿ ಉಣ್ಣುವವರ ನಡುವೆ ಬೇರೆ ಪಾತ್ರೆ ತೆರೆಯುವುದೆಂದರೆ ಜಗಳ ಮಾಡಿದ ಹಾಗೆ. ಇಚ್ಚನಿಗೆ ಇದು ತಿಳಿಯದ್ದಲ್ಲ. ಒಂದು ವರ್ಷ ಒಬ್ಬರೇ ಉಂಡು ಮರೆತಿದ್ದರು.

ಬೀಗರು ವಯಸ್ಸಾದವರು. ದನಿ ಏರಿಸಲಿಲ್ಲ. “ನಮ್ಮ ಮನೆಯ ಪಾತ್ರೆ ನಿಮಗೆ ಆಗುದಿಲ್ಲವಾ?” ಎಂದರು.

“ಹಾಗಲ್ಲ. ಡಾಕ್ಟರು ಹೇಳಿದ್ದು, ಮಂಡಿಯದ್ದು...”

“ಮಂಡಿಗೆ ನಾವು ವಿಷ ಹಾಕುದಿಲ್ಲ.”

 ಇಚ್ಚ ಬುತ್ತಿಯ ಮುಚ್ಚಳ ಹಾಕಿ ಹಿಂದಕ್ಕೆ ಸರಿಸಿದರು. “ಬಿಸ್ಮಿಲ್ಲಾ” ಎಂದು ಹರಿವಾಣಕ್ಕೆ ಕೈ ಹಾಕಿದರು. ಆಮೇಲೆ ಕೈ ನಿಲ್ಲಲಿಲ್ಲ. ಬೀಗರ ಮುಖ ಸಡಿಲಾಯಿತು, ಮತ್ತೆ ಮತ್ತೆ ಬಡಿಸಿದರು. ಮದುವೆಯೂ ಸುಸೂತ್ರವಾಗಿ ನಡೆಯಿತು.

ಒಂದು ಊಟದಿಂದ ತೂಕ ಮರಳುವುದಿಲ್ಲ. ಮರಳಿದ್ದು ಅದರ ನಂತರದ ದಿನಗಳಲ್ಲಿ. ಮರುದಿನ ಬುತ್ತಿ ಬರಲಿಲ್ಲ, ಅದರ ಮರುದಿನವೂ ಇಲ್ಲ. ಎದುರಿನ ಹೋಟೆಲಿನಿಂದ ಕರಿದ ಬನ್ಸು, ಸಕ್ಕರೆ ಹಾಕಿದ ಚಾ. ಒಂದು ದಿನ ತಪ್ಪಿದರೆ ಏನಾಯಿತು, ನಾಳೆಯಿಂದ ಮತ್ತೆ ಹಿಡಿಯಬಹುದಲ್ಲ ಎಂದು ಕೇಳಿದೆ. ಅವರು ಬನ್ಸು ಕೆಳಗಿಟ್ಟರು.

“ನೋಂಬು ಮುರಿದ್ರೆ ಮುರಿಯಿತು. ಅರ್ಧ ನೋಂಬು ಹೇಳಿ ಇಲ್ಲ. ನಾನು ಇದನ್ನು ನೋಂಬು ಹೇಳಿಯೇ ಹಿಡಿದದ್ದು.” ಮತ್ತೆ ಸೇರಿಸಿದರು: “ಆದ್ರೆ ನೋಂಬಿಗೆ ಸಂಜೆ ಪಳ್ಳಿಯಲ್ಲಿ ಬಾಂಗ್ ಕೂಗುದು ಉಂಟು ಮಾರಾಯ್ರೆ. ಬಾಂಗ್ ಕೊಟ್ರೆ ಬಿಡುದು, ಎಲ್ಲರೂ ಒಟ್ಟಿಗೆ ಕೂತು ತಿನ್ನುದು. ಇದಕ್ಕೆ ಬಾಂಗೇ ಇಲ್ಲ. ಒಬ್ಬನೇ ಹಿಡಿಯುದು, ಒಬ್ಬನೇ ಇರುದು. ಎಲ್ಲಿವರೆಗೆ?”

ಕಟ್ಟುನಿಟ್ಟಿನ ಆಹಾರದ ಬಗ್ಗೆ ಆ ನಂತರ ನಾನು ಅನೇಕ ತಜ್ಞರ ಮಾತನ್ನು ಬರೆದುಕೊಂಡಿದ್ದೇನೆ. ಇಷ್ಟು ಸ್ಪಷ್ಟವಾಗಿ ಯಾರೂ ಆ ತೊಡಕನ್ನು ಹೇಳಿದ್ದು ನೆನಪಿಲ್ಲ. ಹೇಳಿದ್ದರಿಂದ ಇಚ್ಚನಿಗೆ ಲಾಭವೇನೂ ಆಗಲಿಲ್ಲ. ಇನ್ನೊಂದು ವರ್ಷದಲ್ಲಿ ಇಳಿದ ತೂಕ ಮರಳಿತು, ಮೇಲೆ ಸ್ವಲ್ಪ ಹೆಚ್ಚೇ ಬಂತು. ಅಂಗಿಗಳು ಮತ್ತೆ ದರ್ಜಿಗೆ. ಶುಕ್ರವಾರ ಸ್ಟೂಲು ಮತ್ತೆ ಕಂಕುಳಿಗೆ. ಹೋಟೆಲಿನವರು ಆ ವಿಷಯದಲ್ಲಿ ಮಾತ್ರ ಅವರನ್ನು ಕೆಣಕಲಿಲ್ಲ.

ಆಮೇಲಿನದ್ದು ನಿಧಾನವಾಗಿ ನಡೆಯಿತು. ಶುರುವಾದದ್ದು ಯಾವಾಗ ಎಂದು ನನಗೆ ಹೇಳಲು ಬರುವುದಿಲ್ಲ. ಪೆರ್ನಾಲ್, ಅಂದರೆ ಈದ್ ಹಬ್ಬಕ್ಕೆ ಕೆದಂಬಾಡಿಯ ಅವರ ಮನೆಗೆ ಹೋದಾಗ ಗಮನಕ್ಕೆ ಬಂತು. ಈಗ ಹರಿವಾಣ ಮೇಜಿನ ಮೇಲೆ, ಅವರು ಕುರ್ಚಿಯಲ್ಲಿ. ಅಳಿಯ, ಬೀಗರು, ನಾನು ಸುತ್ತ. ಇಚ್ಚ ಎಲ್ಲರೊಂದಿಗೆ ಕೈ ಹಾಕಿದರು, ಎಲ್ಲರೊಂದಿಗೆ ಕೈ ತೊಳೆದರು. ಆದರೆ ನಡುವಿನ ಹೊತ್ತಿನಲ್ಲಿ ಅವರ ಎದುರಿನ ಕೋಳಿಯ ತುಂಡುಗಳು ಒಂದೊಂದಾಗಿ ನಮ್ಮ ಕಡೆಗೆ ಬಂದವು. ಒಳ್ಳೆಯ ತುಂಡನ್ನು ಅತಿಥಿಯ ಕಡೆಗೆ ತಳ್ಳುವುದು ಮನೆಯ ಹಿರಿಯರು ಮಾಡುವ ಮರ್ಯಾದೆ. ಅನ್ನವೂ ಹಾಗೆಯೇ ಸರಿಯಿತು. ಅವರು ಉಂಡದ್ದು ನಾಲ್ಕೈದು ತುತ್ತು, ಜೊತೆಗೆ ಸೌತೆ, ಈರುಳ್ಳಿ. ಬೀಗರು ಹೊಟ್ಟೆ ಸವರಿಕೊಂಡು, “ಉಣಿಸ್ಲಿಕ್ಕೆ ನಿಮ್ಮಿಂದ ಕಲೀಬೇಕು” ಎಂದರು.

ಹೊರಗೆ ಬಂದಾಗ ತುಂಡು ತಳ್ಳಿದ್ದರ ಬಗ್ಗೆ ನಾನು ಕೇಳಿದೆ. ಅವರು ಮೆಲ್ಲಗೆ ನಕ್ಕರು. “ಬೇಡ ಹೇಳಿದ್ರೆ ಒತ್ತಾಯ ಮಾಡ್ತಾರೆ. ತಳ್ಳಿದ್ರೆ ದೊಡ್ಡ ಮನುಷ್ಯ ಹೇಳ್ತಾರೆ. ನಿಮ್ಮ ಹೊಟ್ಟೆ ಎಂತ ಆಗ್ತದೆ ಹೇಳುದು ನನ್ನ ತಲೆಬೇನೆ ಅಲ್ಲ.”

ಮನೆಯಲ್ಲೂ ಬೇರೆ ಪಾತ್ರೆ ಹೋಗಿತ್ತು. ಎಲ್ಲರಿಗೂ ಒಂದೇ ಸಾರು. ಅವರ ಹೆಂಡತಿ ಅದಕ್ಕೆ ಹಾಕುವ ಕಾಯಿಯನ್ನು ಯಾರಿಗೂ ತಿಳಿಯದಷ್ಟು ಮೆಲ್ಲಗೆ ಕಡಿಮೆ ಮಾಡುತ್ತಾ ಬಂದರು. ಚಾಕ್ಕೆ ಸಕ್ಕರೆ ಅರ್ಧ. ಮದುವೆಮನೆಯಲ್ಲಿ ತಿಂದ ಮರುದಿನ ಇಚ್ಚ ಅಂಗಡಿಯಲ್ಲಿ ಮುಖ ಬಾಡಿಸಿ ಕೂರುತ್ತಿರಲಿಲ್ಲ, ಎಂದಿನ ಹಾಗೆ ಇರುತ್ತಿದ್ದರು. ಹುರುಳಿ ಮಾತ್ರ ಮತ್ತೆ ಮುಟ್ಟಲಿಲ್ಲ. ಎರಡು ಮೂರು ವರ್ಷದಲ್ಲಿ ತೂಕ ಮೊದಲ ಸಲ ಇಳಿದದ್ದರ ಅರ್ಧದಷ್ಟು ಇಳಿದು ಅಲ್ಲೇ ನಿಂತಿತು.

ಕಟ್ಟುನಿಟ್ಟಿನ ವರ್ಷ ಹೆಚ್ಚು ಇಳಿಸಿತು, ಅಷ್ಟನ್ನೂ ಮರಳಿಸಿತು. ಸಡಿಲಿನ ವರ್ಷಗಳು ಅರ್ಧ ಇಳಿಸಿದವು, ಮರಳಿಸಲಿಲ್ಲ. ಇದು ಒಬ್ಬ ಮನುಷ್ಯನ ಕಥೆ. ಇದರಿಂದ ನಿಯಮ ಕಟ್ಟಲಾಗದು. ಇನ್ನೊಂದನ್ನೂ ಹೇಳಬೇಕು. ಆ ಅರ್ಧ ಇಳಿಕೆ ಮಂಡಿಗೆ ಸಾಕಾಗಲಿಲ್ಲ. ಅಷ್ಟರಲ್ಲಿ ಮಂಡಿಯೂ ಇನ್ನಷ್ಟು ಸವೆದಿತ್ತು. ಶಸ್ತ್ರಚಿಕಿತ್ಸೆಗೆ ಅವರು ಮನಸ್ಸು ಮಾಡಲಿಲ್ಲ. ನಡಿಗೆ ಹಗುರಾಯಿತು, ನೋವು ಕಡಿಮೆಯಾಯಿತು. ಶುಕ್ರವಾರ ಸ್ಟೂಲು ಮಾತ್ರ ಜೊತೆಗೆ ಹೋಗುತ್ತಲೇ ಇತ್ತು. “ಆಗ ನೆಲದಲ್ಲಿ ಕೂರ್ಲಿಕ್ಕೆ ಆಗಿತ್ತು, ತೂಕ ನಿಲ್ಲಲಿಲ್ಲ. ಈಗ ತೂಕ ನಿಂತಿದೆ, ಕೂರ್ಲಿಕ್ಕೆ ಆಗುದಿಲ್ಲ” ಎಂದಿದ್ದರು. ಅದರಲ್ಲಿ ದೂರು ಇರಲಿಲ್ಲ, ಸಮಾಧಾನವೂ ಇರಲಿಲ್ಲ...

ನನಗೆ ವರ್ಗವಾಯಿತು. ವರ್ಷಕ್ಕೊಮ್ಮೆ ಫೋನು, ಅಷ್ಟೆ. ಹೋದ ವರ್ಷ ಒಂದು ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಎದೆನೋವು ಬಂದು ಅವರು ತೀರಿಕೊಂಡರು. ಸುದ್ದಿ ಬಂದಾಗ ನಾನು ದೂರದಲ್ಲಿದ್ದೆ. ಕೆದಂಬಾಡಿಗೆ ಹೋಗಲು ಸಾಧ್ಯವಾದದ್ದು ಕೆಲವು ವಾರಗಳ ನಂತರ.

ಅವರ ಹೆಂಡತಿ ಒಳಬಾಗಿಲಲ್ಲಿ ನಿಂತು ಮಾತಾಡಿದರು. ಅಳಿಯನೂ ಇದ್ದರು. ತೂಕ ಮತ್ತೆ ಏರಿತ್ತೇ ಎಂದು ಕೇಳುವ ಜಾಗ ಅದಲ್ಲ. ಹೆಂಡತಿಯೇ ಮಾತನ್ನು ಮಂಡಿಯ ಕಡೆ ತಂದರು.

“ಕೊನೆಯ ಪೆರ್ನಾಲಿಗೆ ಇವರು ಪಳ್ಳಿಯಲ್ಲಿ ನಮಾಜು ಮುಗಿಸಿ ಬಂದು ಕೋಣೆಯಲ್ಲಿ ಚಾಪೆ ಹಾಸು ಹೇಳಿದ್ರು. ಇಲ್ಲಿ ಯಾರು ನೋಡ್ತಾರೆ ಹೇಳಿದ್ರು. ಮಂಚ ಹಿಡ್ಕೊಂಡು ಮೆಲ್ಲ ಮೆಲ್ಲ ಇಳಿದ್ರು. ಹಣೆ ಮುಟ್ಟಿಸಿದ್ರು.”

“ಏಳ್ಲಿಕ್ಕೆ ಆಗ್ಲಿಲ್ಲ ಮತ್ತೆ” ಎಂದರು ಅಳಿಯ. “ನಾನು ಹಿಡಿಯಲಿಕ್ಕೆ ಹೋದೆ. ‘ನೀನು ಹೋಗು ಮಾರಾಯ, ಕ್ರೇನ್ ಬೇಡ, ನಾನು ಸ್ವಲ್ಪ ಹೊತ್ತು ಇಲ್ಲೇ ಇರ್ತೇನೆ’ ಹೇಳಿದ್ರು.”

“ತುಂಬ ಹೊತ್ತು ಇದ್ರು” ಎಂದರು ಅವರ ಹೆಂಡತಿ. “ಊಟಕ್ಕೆ ಕರೆದ್ರೂ ಬರ್ಲಿಲ್ಲ. ನಾವು ಕಾದೆವು.”

ಅಂಗಡಿಯನ್ನು ಈಗ ಮೊಬೈಲ್ ಮಾರುವವರು ತೆಗೆದುಕೊಂಡಿದ್ದಾರೆ. ಹಳೆಯ ಕೋಣೆಯಲ್ಲಿ ಪತ್ರಿಕೆಯೂ ಇಲ್ಲ. ಆ ಒಂದು ಹೊತ್ತಿಗೆ ಯಾವುದು ಅವರನ್ನು ನೆಲಕ್ಕೆ ಇಳಿಸಿತು, ವರ್ಷಗಟ್ಟಲೆ ಮರಳದೆ ನಿಂತ ಆ ಅರ್ಧ ತೂಕವೋ, ಇನ್ನು ತಡೆಯಲಾರೆ ಎಂಬ ಬರಿಯ ಹಟವೋ, ನನಗೆ ಗೊತ್ತಿಲ್ಲ. ಎದುರಿಗಿದ್ದರೆ ಕೇಳುತ್ತಿದ್ದೆ. ಅವರು ಒಂದು ತಮಾಷೆ ಹೇಳಿ ತಪ್ಪಿಸಿಕೊಳ್ಳುತ್ತಿದ್ದರು, ನಾನು ಮತ್ತೆ ಕೇಳುತ್ತಿದ್ದೆ...